ಟವೆಲಿಗೆ ಕಾಲುನೋವಿಲ್ಲ

ಅರಸೀಕೆರೆಯ ನಿಲ್ದಾಣಕ್ಕೆ ಹಾಸನದ ಬಸ್ಸು ಬಂದು ನಿಲ್ಲುವ ಮೊದಲೇ ಅದರ ಕಿಟಕಿಗಳಿಂದ ಟವೆಲು, ಕೈಚೀಲ, ದಿನಪತ್ರಿಕೆಗಳು ಒಳಗೆ ಬೀಳುತ್ತವೆ. ಜನ ಹತ್ತುವ ಮುನ್ನವೇ ಸೀಟುಗಳು ಭರ್ತಿಯಾಗಿರುತ್ತವೆ. ಮುಂದೆ ಹಾರನಹಳ್ಳಿಯಲ್ಲಿ ಕಾಯುತ್ತಿರುವ ತುಂಬು ಗರ್ಭಿಣಿಗೆ, ಮಂಡಿನೋವಿನ ಅಜ್ಜನಿಗೆ ಉಳಿಯುವುದು ಹಿಡಿದು ನಿಲ್ಲುವ ಕಂಬಿ ಮಾತ್ರ. ಇದನ್ನು ನಾವು ಸಣ್ಣ ಸಂಗತಿಯೆಂದು ತಳ್ಳಿಹಾಕುತ್ತೇವೆ. ಆದರೆ ಇದು ನ್ಯಾಯದ ಪ್ರಶ್ನೆ.

ನಾಲ್ಕನೆಯ ಶತಮಾನದ ಸಂತ ಬೆಸಿಲರು ಸಿರಿವಂತರ ಲೋಭವನ್ನು ಖಂಡಿಸುವಾಗ ಇಂಥದೇ ಹೋಲಿಕೆಯನ್ನು ಬಳಸಿದರು. ನಾಟಕಶಾಲೆಗೆ ಮೊದಲು ಬಂದು, ಎಲ್ಲರಿಗಾಗಿ ಇರುವ ಸ್ಥಳವನ್ನು ತನ್ನದೆಂದು ಬಗೆದು, ಹಿಂದೆ ಬಂದವರನ್ನು ತಡೆಯುವವನಂತೆ ಲೋಭಿಯೂ ಇರುತ್ತಾನೆ ಎಂಬುದು ಅವರ ಬೋಧನೆಯ ಸಾರ. ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ದೇಗುಲಗಳು ಎದ್ದ ಅದೇ ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ಹೋಲಿಕೆಯನ್ನು ಮತ್ತೆ ಪರಾಮರ್ಶಿಸಿದರು. ಮೊದಲು ಬರುವುದು ತಪ್ಪಲ್ಲ, ಇತರರಿಗೆ ಸಿಗದಂತೆ ತಡೆಯುವುದು ತಪ್ಪು ಎಂದು ಅವರು ವಿವೇಚಿಸಿದರು. ಮೊದಲು ಬಂದವನಿಗೆ ಆಸನದ ಉಪಯೋಗವುಂಟು, ಒಡೆತನವಿಲ್ಲ. ಟವೆಲಿಗಂತೂ ಎರಡೂ ಇಲ್ಲ; ಅದಕ್ಕೆ ಕಾಲುನೋವೂ ಇಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಬಸ್ಸುಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತಿದೆ: "ದುಡ್ಡು ಕೊಟ್ಟವರು ನಾವು, ನಿಂತವರೂ ನಾವೇ!" ದಿನವಿಡೀ ದುಡಿದು ಬಂದ ಗಂಡಸಿಗೂ ದಣಿವುಂಟು. ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಶೇಕಡ 50 ಆಸನಗಳು ಪುರುಷರಿಗೆಂದು ಆ ಆದೇಶದಲ್ಲಿಯೇ ಹೇಳಿದ್ದು ಅದಕ್ಕಾಗಿ. ಆದರೆ ಶೂನ್ಯ ದರದ ಟಿಕೆಟ್ ಹಿಡಿದ ಕೂಲಿಯ ಹೆಂಗಸನ್ನು ಹೀನಾಯವಾಗಿ ಕಾಣುವುದು ಬೇರೆ ಮಾತು. ವಸ್ತುವಿಗೆ ಬೆಲೆಯುಂಟು, ಮನುಷ್ಯನಿಗಿರುವುದು ಘನತೆ ಎಂದು ತತ್ತ್ವಜ್ಞಾನಿ ಕಾಂಟ್ ಬೋಧಿಸಿದರು. ಟಿಕೆಟ್ಟಿನ ದರವು ಪಯಣಿಗನ ದರವಲ್ಲ.

ಆಸನ ಸಿಕ್ಕಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಮೂವರ ಸೀಟಿನಲ್ಲಿ ಮಂಡಿಯಗಲಿಸಿ ಇಬ್ಬರ ಜಾಗ ಹಿಡಿಯುವುದು ಅವಿವೇಕ. ನೂಕುನುಗ್ಗಲಿನ ನೆಪದಲ್ಲಿ ಹೆಣ್ಣುಮಕ್ಕಳ ಮೈಗೆ ತಾಗುವುದು ಬರೀ ಅವಿವೇಕವಲ್ಲ, ಪಾಪ. ದೇಹವು ಪವಿತ್ರಾತ್ಮರ ಆಲಯವೆಂದು ನಂಬುವ ನಾವು ಇದನ್ನು ಗಂಡುಮಕ್ಕಳಿಗೆ ಮನೆಯಲ್ಲಿಯೇ ಸ್ಪಷ್ಟವಾಗಿ ತಿಳಿಸಬೇಕು.

ಬಸ್ಸಿನವರನ್ನಷ್ಟೇ ದೂರಿ ಫಲವೇನು? ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಮುಂದಿನ ಬೆಂಚುಗಳ ಮೇಲೆ ಕರವಸ್ತ್ರ ಹಾಸಿ ನೆಂಟರಿಷ್ಟರಿಗೆ ಜಾಗ ಹಿಡಿಯುವವರು ನಮ್ಮವರೇ ಅಲ್ಲವೆ? ಚಿನ್ನದುಂಗುರದವನಿಗೆ ಪೀಠ ಕೊಟ್ಟು ಬಡವನನ್ನು ನಿಲ್ಲಿಸುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಕಟುವಾಗಿ ಆಕ್ಷೇಪಿಸಿದ್ದಾರೆ. ದೇವಾಲಯದಲ್ಲಿ ಕಲಿಯದ ಪಾಠವನ್ನು ನಮ್ಮ ಮಕ್ಕಳು ಬಸ್ಸಿನಲ್ಲಿ ಕಲಿತಾರೆಯೆ?

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಅರಸೀಕೆರೆಯಲ್ಲಿ ಸೀಟು ಸಿಕ್ಕಿದ ನಿಮ್ಮ ಮಗನೋ ಮಗಳೋ ಹಾರನಹಳ್ಳಿಯಲ್ಲಿ ಬಸ್ಸು ನಿಂತಾಗ ಕಿಟಕಿಯಾಚೆಗೆ ಮುಖ ತಿರುಗಿಸದೆ, ಹತ್ತುವವರು ಯಾರೆಂದು ಬಾಗಿಲ ಕಡೆ ಒಮ್ಮೆ ನೋಡಲಿ. ನೋಡಿದವರಿಗೆ ಏಳಬೇಕೋ ಬೇಡವೋ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.