ಗಬ್ಬರನ ಲೆಕ್ಕ, ಜೈನ ನಾಣ್ಯ

ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರ ಬಂದೊಡನೆ ಬಸ್ಸಿನಲ್ಲಿ ಒಬ್ಬರಾದರೂ ಬೆಟ್ಟದ ಕಡೆ ಕೈ ತೋರಿಸುತ್ತಾರೆ: "ಅಗೋ, ಗಬ್ಬರ್ ಸಿಂಗ್ ಇದ್ದ ಜಾಗ!" ಬೆಟ್ಟದ ಒಡೆಯ ರಾಮದೇವರನ್ನು ಕೇಳುವವರಿಲ್ಲ. 2012ರಲ್ಲಿ ಅದು ರಣಹದ್ದುಗಳ ಧಾಮವೂ ಆಯಿತು. ಗಬ್ಬರನ ವಿಳಾಸ ಮಾತ್ರ ಬದಲಾಗಿಲ್ಲ. ರಮೇಶ್ ಸಿಪ್ಪಿ 1973ರ ಅಕ್ಟೋಬರ್‌ನಲ್ಲಿ ಇಲ್ಲಿ ಚಿತ್ರೀಕರಣ ಆರಂಭಿಸಿ, ಬಂಡೆಗಳ ನಡುವೆ ರಾಮಗಢವೆಂಬ ಊರನ್ನೇ ಕಟ್ಟಿಸಿದರು. 1975ರ ಆಗಸ್ಟ್ 15ರಂದು 'ಶೋಲೆ' ತೆರೆಗೆ ಬಂತು.

ಹೊಡೆದಾಟಕ್ಕಾಗಿ ನೋಡುವವರು ನೋಡಲಿ. ಸಂಸಾರಸ್ಥರಿಗೂ ನೌಕರರಿಗೂ ಬೇಕಾದ ಸರಕು ಅದರಲ್ಲಿ ಸಾಕಷ್ಟಿದೆ.

ಸೋತು ಬಂದ ಮೂವರು ಚೇಲಾಗಳನ್ನು ಮುಂದೆ ನಿಲ್ಲಿಸಿಕೊಂಡ ಗಬ್ಬರ್, ರಿವಾಲ್ವರಿನ ಆರು ಗುಂಡುಗಳಲ್ಲಿ ಮೂರನ್ನು ಗಾಳಿಗೆ ಹಾರಿಸಿ, ಚಕ್ರ ತಿರುಗಿಸಿ, ಒಬ್ಬೊಬ್ಬನ ತಲೆಗೂ ಹಿಡಿದು ಟ್ರಿಗರ್ ಒತ್ತುತ್ತಾನೆ. ಮೂರು ಸಲವೂ ಖಾಲಿ. ಹೈಸ್ಕೂಲು ಗಣಿತ ಮರೆಯದವರು ಇಲ್ಲಿ ತುಸು ನಿಲ್ಲಬೇಕು. ಉಳಿದ ಮೂರು ಗುಂಡುಗಳು ಒಂದರ ಪಕ್ಕ ಒಂದಿವೆ. ಚಕ್ರ ನಿಲ್ಲಬಹುದಾದ ಜಾಗಗಳು ಆರು. ಅದರಲ್ಲಿ ಒಂದೇ ಒಂದು ಜಾಗದಲ್ಲಿ ನಿಂತರೆ ಮೂರು ಖಾಲಿ ಮನೆಗಳು ಸಾಲಾಗಿ ಬರುತ್ತವೆ. ಆರಕ್ಕೆ ಒಂದು ಅದೃಷ್ಟ, ಅದು ಒಲಿಯಿತು! ಆಮೇಲೆ ಯಜಮಾನ ನಕ್ಕ. ಅವನು ನಕ್ಕನೆಂದು ಇವರೂ ನಕ್ಕರು. ನಗು ಮುಗಿಯುವ ಮೊದಲೇ ಢಂ, ಢಂ, ಢಂ. ಸಾಹೇಬರ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಕ್ಕು, ಮಾರನೆಯ ದಿನವೇ ವರ್ಗಾವಣೆ ಆದೇಶ ಪಡೆದ ಗುಮಾಸ್ತರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೀರುವಿಗೆ ಹೆಣ್ಣು ಕೇಳಲು ಜೈ ಬಸಂತಿಯ ಚಿಕ್ಕಮ್ಮನ ಬಳಿ ಹೋಗುವ ಪ್ರಸಂಗವಂತೂ ಕನಕಪುರದ ಮದುವೆ ದಲ್ಲಾಳಿಗಳಿಗೆ ಪಾಠವಾಗಬೇಕು. ಸಂಪಾದನೆ ಕೇಳಿದರೆ ಜೂಜಿನ ಮಾತು ಬರುತ್ತದೆ. ಜೂಜನ್ನು ಸಮರ್ಥಿಸಲು ಹೋದರೆ ಕುಡಿತ, ಕುಡಿತದ ಬೆನ್ನಿಗೆ ಹಾಡುವವಳ ಮನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಸೀಮೆಯಲ್ಲಿ ನಿಂತು, ಪುಣ್ಯಾತ್ಮ ನಾಲ್ಕೇ ನಿಜ ಹೇಳಿ ಸಂಬಂಧ ಕೆಡಿಸಿದ.

ಮಾಗಡಿಯ ಸಾವನದುರ್ಗಕ್ಕೂ ಒಂದು ಪಾತ್ರ ಸಿಕ್ಕಿತ್ತು. ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಗೆ ಸ್ಫೂರ್ತಿಯಾದ ಗುಹೆಗಳು ಬಿಹಾರದವು. ಡೇವಿಡ್ ಲೀನ್ ತಮ್ಮ 1984ರ ಚಿತ್ರಕ್ಕೆ ಅವನ್ನು ಈ ಕಡೆಯ ಬಂಡೆಗಳಲ್ಲಿ ಕಾಣಿಸಿದರು. ಕಾದಂಬರಿಯ ಆ ಗುಹೆಯಲ್ಲಿ ಪಿಸುಗುಟ್ಟಲಿ, ಕೂಗಲಿ, ಬರುವ ಮರುದನಿ ಒಂದೇ. ಪಾಪ, ಮುದುಕಿ ಮಿಸೆಸ್ ಮೂರ್ ಅದನ್ನು ಕೇಳಿ ಕುಗ್ಗಿಯೇ ಹೋಗುತ್ತಾಳೆ. ಪಹಣಿಗಾಗಿ ಅಲೆದು ಪಳಗಿದವರು ಅಷ್ಟೆಲ್ಲ ಕುಗ್ಗುವುದಿಲ್ಲ. ಏನೇ ಕೇಳಿದರೂ "ನಾಳೆ ಬನ್ನಿ" ಎಂಬ ಮರುದನಿ ಅವರಿಗೆ ರೂಢಿಯಾಗಿದೆ.

ಮತ್ತೆ 'ಶೋಲೆ'ಗೇ ಬರಬೇಕು, ಆ ನಾಣ್ಯದ ಸಲುವಾಗಿ. ತೀರ್ಮಾನ ಕಷ್ಟವಾದಾಗಲೆಲ್ಲ ಜೈ ಅದನ್ನು ಚಿಮ್ಮುತ್ತಾನೆ. ಶತ್ರುಗಳನ್ನು ತಡೆಯಲು ಯಾರು ಉಳಿಯಬೇಕು ಎಂದಾಗಲೂ ಚಿಮ್ಮಿದ. ಸರದಿ ಅವನಿಗೇ ಬಂತು. ಅವನು ಸತ್ತ ಮೇಲೆ ವೀರು ತಿರುವಿ ನೋಡಿದರೆ, ಎರಡೂ ಮುಖ ಒಂದೇ.

ಇಂಥ ನಾಣ್ಯ ಟಂಕಸಾಲೆಯಲ್ಲಿ ಸಿಕ್ಕುವುದಿಲ್ಲ, ಅಡುಗೆಮನೆಯಲ್ಲಿ ಸಿಕ್ಕುತ್ತದೆ. ಚನ್ನಪಟ್ಟಣದಲ್ಲಿ ಬೆಳಗಿನಿಂದ ಬೊಂಬೆಗಳಿಗೆ ಬಣ್ಣದ ಅರಗು ಹಚ್ಚಿ ಮನೆಗೆ ಬಂದ ತಾಯಿ. ಇಬ್ಬರು ಮಕ್ಕಳು, ಎರಡೇ ಮುದ್ದೆ. "ನಂದು ಆಗ್ಲೇ ಆಯ್ತು, ನೀವು ಉಣ್ರಪ್ಪ." ಮಕ್ಕಳು ನಂಬುತ್ತವೆ. ಆ ರಾತ್ರಿ ಅವಳು ತೊಳೆದಿಟ್ಟ ತಟ್ಟೆಗಳೂ ಎರಡೇ ಎಂಬುದು ಅವರಿಗೆ ಹೊಳೆಯುವುದು ಬಹಳ ವರ್ಷಗಳ ಮೇಲೆ, ವೀರುವಿಗೆ ಹೊಳೆದ ಹಾಗೆ.