ತಂತಿ ನಮ್ಮ ಹೊಲದ ಮೇಲೆ, ಸುದ್ದಿ ಬೆಂಗಳೂರಿಗೆ

ರಾತ್ರಿ ಎರಡು ಗಂಟೆ. ತ್ರೀಫೇಸ್ ಬಂತಾ ಅಂತ ನೋಡಲು ಬ್ಯಾಟರಿ ಹಿಡಿದು ಮೋಟರ್ ಹತ್ತಿರ ಹೋಗುತ್ತೇವೆ. ಬಂದಿಲ್ಲ. ಲೈನ್‌ಮನ್ ಫೋನ್ ಸ್ವಿಚ್ ಆಫ್. ವಾಪಸ್ ಬಂದು ಮಲಗಿದ ಅರ್ಧ ಗಂಟೆಗೆ ಕರೆಂಟು ಬಂದಿರುತ್ತದೆ. ಇದು ನಮ್ಮೂರ ಕಥೆ. ನಿಮ್ಮೂರಲ್ಲೂ ಬೇರೆ ಇರಲಿಕ್ಕಿಲ್ಲ.

ಆ ಹೊತ್ತಲ್ಲಿ ಸಬ್‌ಸ್ಟೇಷನ್ ಸ್ಥಿತಿ ಯಾರಿಗೂ ಗೊತ್ತಿರುವುದಿಲ್ಲ ಅಂದುಕೊಳ್ಳಬೇಡಿ. ಬೆಂಗಳೂರಲ್ಲಿ ಕೂತವರಿಗೆ ಗೊತ್ತಿರುತ್ತದೆ.

ಹೊಲದಲ್ಲಿ ನಿಂತ ಹೈಟೆನ್ಷನ್ ಟವರಿನ ತುದಿ ನೋಡಿ. ಎಲ್ಲಕ್ಕಿಂತ ಮೇಲಿನ ತಂತಿಗೆ ಪಿಂಗಾಣಿ ಬಟ್ಟಲುಗಳ ಸರ ಇರುವುದಿಲ್ಲ. ಸಿಡಿಲನ್ನು ನೆಲಕ್ಕಿಳಿಸುವ ತಂತಿ ಅದು. ಈಗ ಅನೇಕ ಲೈನುಗಳಲ್ಲಿ ಅದರ ಹೊಟ್ಟೆಯೊಳಗೆ ಕೂದಲೆಳೆಯಂಥ ಗಾಜಿನ ನಾರುಗಳಿವೆ. ಸಬ್‌ಸ್ಟೇಷನ್‌ನ ವೋಲ್ಟೇಜ್ ಎಷ್ಟು, ಕರೆಂಟು ಎಷ್ಟು ಹರಿಯುತ್ತಿದೆ, ಬ್ರೇಕರ್ ಆನ್ ಇದೆಯೋ ಆಫ್ ಇದೆಯೋ, ಎಲ್ಲವೂ ಬೆಳಕಾಗಿ ಅದರೊಳಗೆ ಓಡುತ್ತದೆ. ಇದಕ್ಕೇ ಟೆಲಿಮೆಟ್ರಿ ಅನ್ನುವುದು. ನಾರಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ರಾಯಚೂರಿನ ಅಂಕಿ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದ ಪರದೆ ಮೇಲೆ ಮೂಡಲು ಕೆಲವೇ ಸೆಕೆಂಡು ಸಾಕು.

ವಿದ್ಯೆ ಹೊಸದೂ ಅಲ್ಲ. ಗಾಜಿನ ನಾರಿಗೂ ಮೊದಲು, ಕರೆಂಟು ಹರಿಯುವ ತಂತಿಯಲ್ಲೇ ಸಂಕೇತ ಕಳಿಸುತ್ತಿದ್ದರು. ಸಬ್‌ಸ್ಟೇಷನ್ ಅಂಗಳದಲ್ಲಿ ಡ್ರಮ್ಮಿನಂತೆ ಕಾಣುವ ವೇವ್ ಟ್ರ್ಯಾಪ್ ಇರುವುದೇ ಅದಕ್ಕೆ.

ಇದು ಬೇಡ ಎಂದು ನಾವು ಹೇಳುತ್ತಿಲ್ಲ. ಬೇಕೇ ಬೇಕು. ಉತ್ಪಾದನೆ, ಬಳಕೆ ಎರಡೂ ಕ್ಷಣಕ್ಷಣವೂ ಸರಿದೂಗಿ ಫ್ರೀಕ್ವೆನ್ಸಿ 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ಗ್ರಿಡ್ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಲ್ಲಿ ಕೂತು ನೋಡಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ನಾವೂ ಅದೇ ಗ್ರಿಡ್ಡಿಗೆ ಸೇರಿದ್ದೇವೆ.

ನಮ್ಮ ತಕರಾರು ಬೇರೆ. ಟವರಿನ ಕಾಲು ನಮ್ಮ ಹೊಲದಲ್ಲಿದೆ. ಅದರ ಕೆಳಗೆ ನಾವು ತೆಂಗು ಹಾಕುವಂತಿಲ್ಲ. ಸುದ್ದಿ ನಮ್ಮ ತಲೆ ಮೇಲೆಯೇ ಹಾದುಹೋಗುತ್ತದೆ, ನಮಗೆ ಮಾತ್ರ ತಿಳಿಯುವುದಿಲ್ಲ. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಎಂದು ಸರ್ಕಾರ ಹೇಳುತ್ತದೆ. ಆ ಏಳು ಗಂಟೆ ಬಂತೋ ಇಲ್ಲವೋ ಎಂಬ ಲೆಕ್ಕ ನಮ್ಮ ಕೈಗೆ ಯಾಕೆ ಸಿಗಬಾರದು?

ಭದ್ರತೆ ಅನ್ನುತ್ತಾರೆ. ಓದುವುದು ಬೇರೆ, ಸ್ವಿಚ್ ಒತ್ತುವುದು ಬೇರೆ. ರಾಜ್ಯದ ಒಟ್ಟು ಲೋಡು, ಫ್ರೀಕ್ವೆನ್ಸಿ ಈಗಲೂ ಜಾಲತಾಣದಲ್ಲಿ ಯಾರಿಗಾದರೂ ಕಾಣುತ್ತವೆ. ರಾಜ್ಯದ ಲೆಕ್ಕ ತೋರಿಸಬಹುದಾದರೆ ನಮ್ಮೂರ 11 ಕೆವಿ ಫೀಡರ್ ಲೆಕ್ಕದಲ್ಲಿ ಯಾವ ಗುಟ್ಟಿದೆ?

ಫೀಡರ್ ಆನ್ ಇದ್ದರೂ ಟಿಸಿ ಫ್ಯೂಸ್ ಹೋಗಿರಬಹುದು, ಅಂಕಿ ನೋಡಿ ಏನು ಮಾಡುತ್ತೀರಿ ಅನ್ನುವವರೂ ಇದ್ದಾರೆ. ಸ್ವಾಮಿ, ತೊಂದರೆ ಸಬ್‌ಸ್ಟೇಷನ್‌ನಲ್ಲೋ ನಮ್ಮ ಟಿಸಿಯಲ್ಲೋ ಅಂತ ಆಗಲಾದರೂ ತಿಳಿಯುತ್ತದಲ್ಲ!

ನಾವು ಕೇಳುವುದು ಎರಡೇ. ಪ್ರತಿ ಫೀಡರ್ ಆನ್ ಇದೆಯೋ ಆಫ್ ಇದೆಯೋ ಎಂಬುದು ಫೋನಿನಲ್ಲಿ ಕನ್ನಡದಲ್ಲಿ ಕಾಣಲಿ. ತಿಂಗಳಿಗೊಮ್ಮೆ ಎಷ್ಟು ಗಂಟೆ ತ್ರೀಫೇಸ್ ಕೊಟ್ಟರು ಎಂಬ ಪಟ್ಟಿ ಪಂಚಾಯಿತಿ ಗೋಡೆಗೆ ಬೀಳಲಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಕೇಳುವ ಮೊದಲೇ ಮಾಹಿತಿ ಪ್ರಕಟಿಸಿ ಎಂದು ಕಚೇರಿಗಳಿಗೆ ಹೇಳುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನೇ ಕೇಳಿ. ಬೆಂಗಳೂರಿಗೆ ಸೆಕೆಂಡಿನಲ್ಲಿ ಮುಟ್ಟುವ ಸುದ್ದಿ ಪಕ್ಕದ ಹೊಲಕ್ಕೂ ಮುಟ್ಟಲಿ.