ಚಹಾಕೂಟವೂ ಮನೆಯಾಕೆಯ ಕುರ್ಚಿಯೂ

ನಮ್ಮ ಸೀಮೆಯಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು "ಆಸರಿಗೇನು ಬೇಕು?" ಎಂಬುದು. ಆಸರೆಂದರೆ ಬಾಯಾರಿಕೆ. ಬಿಸಿಲಿನಲ್ಲಿ ನಡೆದು ಬಂದವರ ಮುಂದೆ ಒಂದು ತಂಬಿಗೆ ನೀರನ್ನೂ ಒಂದು ತುಂಡು ಬೆಲ್ಲವನ್ನೂ ಇಟ್ಟರೆ ಸತ್ಕಾರದ ಮೊದಲ ಅಧ್ಯಾಯ ಮುಗಿಯಿತು. ಅದಕ್ಕೆ ಸಿದ್ಧತೆ ಬೇಡ, ಹೆಚ್ಚಿನ ಖರ್ಚೂ ಬೇಡ. ಕೊಟ್ಟವರೂ ಪಡೆದವರೂ ಒಂದೇ ಜಗಲಿಯಲ್ಲಿ ಕುಳಿತು ಕಷ್ಟಸುಖ ಮಾತನಾಡಬಹುದು. ಈ ಸರಳ ಸತ್ಕಾರದ ಪಕ್ಕದಲ್ಲಿ ಈಗ ಮನೆಯ ಚಹಾಕೂಟವೂ ಬಂದು ನಿಂತಿದೆ. ಬಂದುದು ತಪ್ಪೇನೂ ಅಲ್ಲ. ಆದರೆ ಅದನ್ನು ನಾವು ನಡೆಯಿಸುವ ರೀತಿ ಸರಿಯೇ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕಾಗಿದೆ.

ಚಹಾ ನಮ್ಮ ಅಡಿಗೆಮನೆಗೆ ತಾನಾಗಿಯೇ ನಡೆದು ಬಂದುದಲ್ಲ. ಅದನ್ನು ಪ್ರಯತ್ನಪೂರ್ವಕವಾಗಿ ಕರೆತರಲಾಯಿತು. 1903ರಲ್ಲಿ ಚಹಾ ಸೆಸ್ ಕಾಯಿದೆ ಬಂದು, ರಫ್ತಾಗುವ ಚಹಾದ ಮೇಲೆ ವಸೂಲಾದ ಹಣವು ಚಹಾದ ಪ್ರಚಾರಕ್ಕೆ ವಿನಿಯೋಗವಾಗತೊಡಗಿತು. ಇಂದು ಚಾರ್ಮಾಡಿ ಘಾಟಿಯನ್ನು ಹತ್ತಿದರೆ ಮೂಡಿಗೆರೆ ಸೀಮೆಯ ಕಾಫಿ ತೋಟಗಳ ನಡುವೆ ಕೆಳಗೂರಿನ ಚಹಾ ತೋಟವೇ ಕಣ್ಣಿಗೆ ಬೀಳುತ್ತದೆ. ಆದುದರಿಂದ ಚಹಾವನ್ನು ಪರದೇಶಿಯೆಂದು ಹಳಿಯುವ ಕಾಲ ಕಳೆದುಹೋಯಿತು.

ಪರದೇಶದಿಂದ ಬಂದುದು ಕೂಟದ ಪದ್ಧತಿ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸ್ಥಿತಿವಂತರ ಮನೆಗಳಲ್ಲಿ ಅಪರಾಹ್ನದ ಚಹಾಕೂಟ ರೂಢಿಗೆ ಬಂದಾಗ, ಮನೆಯ ಯಜಮಾನಿಯೇ ಮೇಜಿನ ಬಳಿ ಕುಳಿತು ಬಟ್ಟಲುಗಳಿಗೆ ಚಹಾವನ್ನು ಬಗ್ಗಿಸುತ್ತಿದ್ದಳು. ಅವಳೇ ಕೂಟದ ಅಧ್ಯಕ್ಷಿಣಿ. ಒಳಗೆ ಒಲೆಯ ಮುಂದೆ ಬೆವರುತ್ತಿದ್ದವರು ಆಳುಗಳೆಂಬುದನ್ನೂ ಮರೆಯಲಾಗದು. ನಾವಾದರೋ ಆ ಕೂಟದಿಂದ ಬಟ್ಟಲನ್ನು ತಂದೆವು, ತಟ್ಟೆಯನ್ನು ತಂದೆವು. ಯಜಮಾನಿಯ ಕುರ್ಚಿಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆವು. ಯಜಮಾನಿಯ ಹೊಣೆ, ಆಳಿನ ದುಡಿಮೆ ಇವೆರಡೂ ನಮ್ಮಲ್ಲಿ ಒಬ್ಬಳ ತಲೆಯ ಮೇಲೆಯೇ ಬಿದ್ದುವು.

ಇದು ಉತ್ಪ್ರೇಕ್ಷೆಯೆಂದು ತೋರಿದರೆ ಗೋಳಿಬಜೆಯನ್ನೇ ನೋಡಿರಿ. ಹುಳಿಮೊಸರಿನಲ್ಲಿ ಮೈದಾಹಿಟ್ಟನ್ನು ಕಲಸಿ ಎರಡು ಮೂರು ಗಂಟೆ ನೆನೆಯಬಿಡಬೇಕು. ಕರಿದ ಕೂಡಲೇ ತಿಂದರೇ ಅದಕ್ಕೆ ರುಚಿ, ಆರಿದರೆ ರಬ್ಬರು. ಆದುದರಿಂದ ಅತಿಥಿಗಳು ತಿನ್ನುತ್ತಿರುವಷ್ಟು ಹೊತ್ತೂ ಮನೆಯಾಕೆ ಕರಿಯುತ್ತಲೇ ಇರಬೇಕು. ಹೊರಗೆ ನಗೆಮಾತು, ಒಳಗೆ ಎಣ್ಣೆಯ ಹೊಗೆ. ಕೊನೆಯ ಒಬ್ಬೆ ಬಾಣಲೆಯಿಂದ ಏಳುವ ಹೊತ್ತಿಗೆ ಅತಿಥಿಗಳು ಚಪ್ಪಲಿ ಮೆಟ್ಟಿಕೊಂಡು, "ಎಲ್ಲವೂ ಬಹಳ ಸೊಗಸಾಗಿತ್ತು" ಎಂದು ಯಜಮಾನರಿಗೆ ಹೇಳುತ್ತಿರುತ್ತಾರೆ! ತಾನು ಕರೆದವರ ಮುಖವನ್ನೇ ಆಕೆ ಸರಿಯಾಗಿ ನೋಡಿರುವುದಿಲ್ಲ.

"ಹಾಗಾದರೆ ಎಲ್ಲವನ್ನೂ ಬೇಕರಿಯಿಂದ ತಂದರಾಯಿತಲ್ಲ?" ಎಂದು ಕೆಲವರು ಕೇಳಿಯಾರು. ತರಲಿ; ಅದರಲ್ಲಿ ಪಾಪವೇನಿಲ್ಲ. ಆದರೆ ರೋಗವಿರುವುದು ಒಲೆಯಲ್ಲಲ್ಲ, ಎಣಿಕೆಯಲ್ಲಿ. ನೆರೆಮನೆಯಲ್ಲಿ ನಾಲ್ಕು ಬಗೆಯಾದರೆ ನಮ್ಮಲ್ಲಿ ಆರು ಬಗೆ ಎಂಬ ಛಲ ಇರುವ ತನಕ, ಕೊಂಡು ತಂದರೆ ಕಿಸೆಗೆ ಕಷ್ಟ, ಮನೆಯಲ್ಲಿ ಮಾಡಿದರೆ ಮೈಗೆ ಕಷ್ಟ. ಕಡಿಮೆ ಮಾಡಿದರೆ ಜನರು ಆಡಿಕೊಂಡಾರೆಂಬ ಅಂಜಿಕೆ ಸಹಜವೇ. ಆದರೆ ತಿಂಡಿಗಳನ್ನು ಎಣಿಸುವುದಕ್ಕೆಂದೇ ಬರುವವರು ಅತಿಥಿಗಳಲ್ಲ, ಪರೀಕ್ಷಕರು. ಅವರನ್ನು ಕರೆಯದಿರುವುದೇ ಕ್ಷೇಮ.

ನನ್ನ ಅಭಿಪ್ರಾಯದಲ್ಲಿ ಕೂಟದ ಸಿದ್ಧತೆ ಪ್ರಾರಂಭವಾಗಬೇಕಾದುದು ತಿಂಡಿಯ ಪಟ್ಟಿಯಿಂದಲ್ಲ, ಅತಿಥಿಯಿಂದ. ಇದನ್ನು ಕಲಿಯುವುದಕ್ಕೆ ಮೂಡುಬಿದಿರೆಗಿಂತ ಒಳ್ಳೆಯ ಶಾಲೆ ಇಲ್ಲ. ಇದು 18 ಬಸದಿಗಳ ಊರು. 1430ರಲ್ಲಿ ಕಟ್ಟತೊಡಗಿದ ಸಾವಿರ ಕಂಬದ ಬಸದಿಯ ಊರು. ಆಹಾರದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸುವವರ ಊರು. ಇಲ್ಲಿ ಜೈನ ಮಿತ್ರರನ್ನು ಕರೆದರೆ ಮೊದಲು ಸೂರ್ಯನನ್ನು ಕೇಳಬೇಕು. ನಿಯಮವುಳ್ಳವರು ಸೂರ್ಯಾಸ್ತವಾದ ಮೇಲೆ ತಿನ್ನುವುದಿಲ್ಲ. ಕಟ್ಟುನಿಟ್ಟಿನವರು ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಮುಗಿಸುತ್ತಾರೆ. ನಮ್ಮಲ್ಲಿ ಜುಲೈಯಲ್ಲಿ ಸೂರ್ಯ ಮುಳುಗುವುದು 7 ಗಂಟೆಯ ಸುಮಾರಿಗೆ; ನವೆಂಬರಿನಲ್ಲಿ 6 ಗಂಟೆಯ ಸುಮಾರಿಗೆ. ಜುಲೈಯಲ್ಲಿ 5 ಗಂಟೆಗೆ ಕರೆದುದು ಸರಿ; ನವೆಂಬರಿನಲ್ಲಿ 4 ಗಂಟೆಯೇ ಮೇಲು. ಅದೇ ರಂಜಾನ್ ತಿಂಗಳಲ್ಲಿ ಉಪವಾಸವಿರುವ ಮುಸ್ಲಿಮ್ ಗೆಳೆಯನು ಸೂರ್ಯ ಮುಳುಗುವ ತನಕ ನೀರನ್ನೂ ಮುಟ್ಟನು. ಇಬ್ಬರನ್ನೂ ಒಂದೇ ದಿನ ಕರೆಯುವ ಆಸೆಯಿದ್ದರೆ ಆ ತಿಂಗಳು ಕಳೆಯುವವರೆಗೆ ಕಾಯುವುದೇ ಮರ್ಯಾದೆ. ಗಡಿಯಾರವನ್ನು ನೋಡುವುದರಲ್ಲಿಯೂ ಇಷ್ಟು ಪ್ರೀತಿ ಅಡಗಿರಬಲ್ಲುದು!

ಎರಡನೆಯದು ತಿಂಡಿ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇವನ್ನು ಮುಟ್ಟದವರು ನಮ್ಮ ನಡುವೆ ಹಲವರಿದ್ದಾರೆ. ಹಸಿಶುಂಠಿಯನ್ನು ಬಿಟ್ಟು ಒಣಶುಂಠಿಯನ್ನಷ್ಟೇ ಬಳಸುವವರೂ ಇದ್ದಾರೆ. ಅಂಥವರಿಗೆಂದು ಒಂದು ಮೂಲೆಯಲ್ಲಿ ಬೇರೆ ತಟ್ಟೆ ಇಡುವುದಕ್ಕಿಂತ, ಎಲ್ಲರೂ ತಿನ್ನಬಹುದಾದ ಒಂದೆರಡನ್ನೇ ಎಲ್ಲರಿಗೂ ಮಾಡುವುದು ಒಳ್ಳೆಯದಲ್ಲವೆ? ನಮ್ಮ ಸಜ್ಜಿಗೆ-ಬಜಿಲ್ ಇದೆ. ತೆಂಗಿನತುರಿ, ಬೆಲ್ಲ, ಒಗ್ಗರಣೆ ಸೇರಿಸಿ ಕಲಸಿದರೆ ಅವಲಕ್ಕಿ ಕಾಲುಗಂಟೆಯಲ್ಲಿ ಸಿದ್ಧ. ಜತೆಗೆ ಕದಳಿ ಬಾಳೆಹಣ್ಣು, ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ. ಕೆಸುವಿನೆಲೆಗೆ ಹಿಟ್ಟು ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸುವ ಪತ್ರೊಡೆ ದೊಡ್ಡ ಕೆಲಸ. ಅದು ಮನೆಮಂದಿಯೆಲ್ಲ ಕೈ ಸೇರಿಸುವ ಆಟಿಯ ಮಳೆದಿನಕ್ಕೆ ಇರಲಿ.

ಮೂರನೆಯದು ಲೆಕ್ಕ. ಹನ್ನೆರಡು ಮಂದಿ ಅತಿಥಿಗಳೆಂದರೆ 12 ಬಟ್ಟಲು ಚಹಾ ಎಂದು ನಾವು ಎಣಿಸುತ್ತೇವೆ. ತಪ್ಪು ಇಲ್ಲಿಯೇ. ಮನೆಯಲ್ಲಿ ನಾಲ್ವರಿದ್ದರೆ ಲೆಕ್ಕ 16 ಬಟ್ಟಲು. ಸುಮಾರು ಒಂದೂಕಾಲು ಲೀಟರು ನೀರು, ಅಷ್ಟೇ ಹಾಲು, ಬಟ್ಟಲಿಗೊಂದು ಚಿಕ್ಕ ಚಮಚ ಪುಡಿ. ಸಕ್ಕರೆಕಾಯಿಲೆಯವರಿಲ್ಲದ ಮನೆ ಈಗ ವಿರಳವಾದುದರಿಂದ ಸಕ್ಕರೆ ಬೇರೆ ಇರಲಿ. ಸೋಸಿದ ಚಹಾವನ್ನು ಥರ್ಮಾಸಿಗೆ ಹೊಯ್ದಿಟ್ಟರೆ ಒಲೆಯ ಬಳಿ ಯಾರೂ ಕಾವಲು ನಿಲ್ಲಬೇಕಾಗಿಲ್ಲ. ಬಟ್ಟಲುಗಳಂತೆಯೇ ಕುರ್ಚಿಗಳೂ 16 ಇರಲಿ. ಸಾಲದಿದ್ದರೆ ಚಾಪೆ ಹಾಸಿ ಎಲ್ಲರೂ ಕೆಳಗೆ ಕುಳಿತುಕೊಳ್ಳಲಿ.

ಕಡೆಯದಾಗಿ ನನ್ನ ಸಹಪಾಠಿ ಮಿತ್ರರಲ್ಲಿ ಒಂದು ಮಾತು. ಕಾಲೇಜಿನ ವಿದಾಯಕೂಟದಲ್ಲಿ ಬೆಂಚು ಹೊರುವವರು ನಾವು, ತಟ್ಟೆ ಹಂಚುವವರು ನಾವು, ಕೂಟ ಮುಗಿದ ಮೇಲೆ ಕಸ ಗುಡಿಸುವವರೂ ನಾವೇ. ಅಲ್ಲಿ ಹುಡುಗರೆಂದು ಯಾರೂ ಕೈಕಟ್ಟಿ ಕುಳಿತುಕೊಳ್ಳುವುದಿಲ್ಲ. ಅದೇ ಕೈಗಳು ಮನೆಯಲ್ಲಿ ಒಂದು ಬಟ್ಟಲನ್ನು ತೊಳೆಯಲು ಏಕೆ ಅಂಜಬೇಕು? ಕಾಲೇಜಿನಲ್ಲಿ ಸೇವೆ ಎನಿಸಿಕೊಂಡುದು ಮನೆಯಲ್ಲಿ ಹೆಂಗಸರ ಕೆಲಸವಾಗುವುದು ಯಾವ ತರ್ಕಶಾಸ್ತ್ರದಿಂದ? ನಮ್ಮ ಅಧ್ಯಾಪಕರನ್ನು ಮನೆಗೆ ಕರೆಯುವ ದಿನ ತಾಯಿಯೂ ಅಕ್ಕನೂ ಅವರೊಡನೆ ಕುಳಿತು ಮಾತನಾಡಲಿ. ಚಹಾವನ್ನು ನಾವು ಬಗ್ಗಿಸೋಣ.

ಕೂಟ ಚೆನ್ನಾಗಿ ನಡೆಯಿತೇ ಎಂದು ತಿಳಿಯಲು ಖಾಲಿಯಾದ ತಟ್ಟೆಗಳನ್ನು ನೋಡಬೇಕಾಗಿಲ್ಲ. ಚಹಾ ಮಾಡಿದವಳು ಅದನ್ನು ಬಿಸಿಯಾಗಿ, ಎಲ್ಲರ ನಡುವೆ ಕುಳಿತು ಕುಡಿದಳೇ ಎಂದು ಕೇಳಿದರೆ ಸಾಕು.